ಎರಡಿಂಚು ಲಿಫ್ಟ್ ಹಾಕಿಸಿ ಎತ್ತರ ಮಾಡಿಸಿದ ಹಳೇ ಪಿಕಪ್, ಮೂರು ಸಲ ಅಲೈನ್‌ಮೆಂಟ್ ಆದರೂ ಎಡಕ್ಕೇ ಎಳೆಯುತ್ತೆ, ಟೈರ್ ಒಳಗಡೆ ಸವೆಯುತ್ತೆ. ಹಾಸನದಲ್ಲಿ ಒಳ್ಳೇ ಅಲೈನ್‌ಮೆಂಟ್ ಸೆಂಟರ್ ಯಾವುದು? ಕೆಳಗಡೆ ಸ್ವಲ್ಪ ತುಕ್ಕು ಇದೆ, ಅದೇನು ದೊಡ್ಡ ವಿಷಯ ಅಲ್ಲ.

ಸೆಂಟರ್ ಹುಡುಕೋದು ನಿಲ್ಲಿಸಿ ಸಾರ್. ಬೆಂಗಳೂರಿಗೆ ತಗೊಂಡು ಹೋದರೂ ಇದೇ ಕಥೆ ಆಗುತ್ತೆ. "ಕೆಳಗಡೆ ಸ್ವಲ್ಪ ತುಕ್ಕು ಇದೆ, ಅದೇನು ದೊಡ್ಡ ವಿಷಯ ಅಲ್ಲ" ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದೀರಲ್ಲ, ಅದನ್ನ ಓದಿ ನಗು ಬಂತು. ನಾನೂ ಇದೇ ಮಾತನ್ನ ಮೂರು ಗ್ಯಾರೇಜಿನಲ್ಲಿ ಹೇಳಿದ್ದೆ.

ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ತೋಟ. ಕಾಫಿ, ಒಂದಿಷ್ಟು ಮೆಣಸು. ಟಾರ್ ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. 2019ರ ಆಗಸ್ಟ್ ಮಳೆಯಲ್ಲಿ ಈ ಕಡೆ ಗುಡ್ಡಗಳೇ ಜಾರಿದವು, ನಮ್ಮ ದಾರಿ ಯಾವ ಲೆಕ್ಕ. ನಟ್ಟನಡುವೆ ಮೊಣಕಾಲುದ್ದ ನೀರು ಕೊರೆದು ಹೋಗಿತ್ತು. ಮುಂದಿನ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬ್ ಪಿಕಪ್ ತಗೊಂಡೆ. ಕರಾವಳಿ ಕಡೆಯ ಗಾಡಿ. ಯಾವ ಕಂಪನಿಯದು ಅಂತ ಬೇಡ ಬಿಡಿ, ಗಾಡಿದೇನೂ ತಪ್ಪಿಲ್ಲ. ಬಣ್ಣ ಚೆನ್ನಾಗಿತ್ತು, ಎಂಜಿನ್ ಚೆನ್ನಾಗಿತ್ತು, ರೇಟು ಕಮ್ಮಿ ಇತ್ತು. ಮನೆಗೆ ತಂದ ದಿನ ಅಪ್ಪ ಹಿಂದಿನ ಡಾಲಾ ಹತ್ತಿರ ಹೋಗಿ ಮೂಸಿ ನೋಡಿ, "ಮೀನ್ ಗಾಡಿ ತಂದಿದೀಯಲ್ಲೋ" ಅಂದರು. ಐಸ್ ನೀರು, ಉಪ್ಪು ನೀರು ವರ್ಷಗಟ್ಟಲೆ ಚಾಸಿ ಮೇಲೆ ಸೋರಿದ ಗಾಡಿ. ಮುಂದಿನ ಭಾಗಕ್ಕೆ ಸಮುದ್ರದ ಗಾಳಿ ಸಾಕಾಗಿತ್ತು. ಅದರ ಮೇಲೆ ನಮ್ಮ ಮಲೆನಾಡಿನ ಮಳೆ, ನಾಲ್ಕು ತಿಂಗಳು ಒಣಗದ ಕೆಸರು.

ದಾರಿಯಲ್ಲಿ ಹೊಟ್ಟೆ ತಾಗುತ್ತೆ ಅಂತ ಲಿಫ್ಟ್ ಹಾಕಿಸಿದೆ. ಮುಂದೆ ಕಾಯಿಲ್ ಸ್ಪ್ರಿಂಗ್ ಮೇಲೆ ಒಂದಿಂಚಿನ ಸ್ಪೇಸರ್, ಅಂದ್ರೆ ಒಂದು ದಪ್ಪ ಬಿಲ್ಲೆ. ಚಕ್ರದ ಹತ್ತಿರ ಅದು ಹೆಚ್ಚುಕಮ್ಮಿ ಎರಡಿಂಚು ಏರಿಸುತ್ತೆ, ಯಾಕಂದ್ರೆ ಸ್ಪ್ರಿಂಗ್ ಕೂತಿರೋದು ಚಾಸಿಯಿಂದ ಚಕ್ರಕ್ಕೆ ಹೋಗೋ ಆರ್ಮ್‌ನ ಮಧ್ಯದಲ್ಲಿ. ಹಿಂದೆ ಲೀಫ್ ಸ್ಪ್ರಿಂಗಿಗೆ ಉದ್ದದ ಶ್ಯಾಕಲ್, ಅಂದ್ರೆ ಸ್ಪ್ರಿಂಗನ್ನ ಚಾಸಿಗೆ ಸೇರಿಸೋ ಕೊಂಡಿ. ಒಂದೇ ದಿನದ ಕೆಲಸ. ಸಂಜೆ ಗಾಡಿ ಎತ್ತರವಾಗಿ ನಿಂತಿದ್ದು ನೋಡಿ ಹತ್ತು ಫೋಟೋ ತೆಗೆದೆ.

ಮರುದಿನದಿಂದ ಎಡಕ್ಕೆ ಎಳೆಯೋಕೆ ಶುರು. ತಿರುವಿನಲ್ಲಿ ಸ್ಟೇರಿಂಗ್ ತಾನಾಗೇ ವಾಪಸ್ ಬರ್ತಿರಲಿಲ್ಲ.

ಚಿಕ್ಕಮಗಳೂರಿನಲ್ಲಿ ಅಲೈನ್‌ಮೆಂಟಿಗೆ ಹಾಕಿದೆ. ಸ್ಕ್ರೀನ್ ಪೂರ್ತಿ ಕೆಂಪು. ಅಲ್ಲಿನ ಹುಡುಗ ಕೆಳಗಿಂದ ತಲೆ ಹೊರಗೆ ಹಾಕಿ, "ಸಾರ್, ಕ್ಯಾಂಬರ್ ಬೋಲ್ಟ್ ಜಾಮ್ ಆಗಿದೆ. ಎಡಗಡೆ ಟೈ ರಾಡ್ ನಟ್ಟೂ ಬಿಚ್ಚಲ್ಲ. ಬಲಗಡೆ ಒಂದರಲ್ಲೇ ಟೋ ಮಾಡ್ಕೊಡ್ಲಾ?" ಅಂದ. ಟೋ ಅಂದ್ರೆ ಮೇಲಿಂದ ನೋಡಿದರೆ ಮುಂದಿನ ಚಕ್ರಗಳು ನೆಟ್ಟಗಿವೆಯಾ, ಒಳಮುಖ ಅಥವಾ ಹೊರಮುಖ ತಿರುಗಿವೆಯಾ ಅಂತ. ಅದನ್ನ ಕೂರಿಸೋದು ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗೋ ಟೈ ರಾಡ್ ಅನ್ನೋ ಸರಳಿನಲ್ಲಿ. ಮಾಡ್ಕೊಡಪ್ಪ ಅಂದೆ. ಟೋ ಏನೋ ಕೂತಿತು, ಆದರೆ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಗಡಿಯಾರದಲ್ಲಿ ಹನ್ನೊಂದು ಗಂಟೆ ತೋರಿಸುತ್ತಿತ್ತು. ಎಡಕ್ಕೆ ಎಳೆಯೋದು ಹಾಗೇ ಇತ್ತು. ಇನ್ನೊಂದು ಕಡೆ ಹೋದೆ. ಅಲ್ಲಿ ಎಡಗಡೆ ನಟ್ ಹೇಗೋ ಬಿಚ್ಚಿ ಸ್ಟೇರಿಂಗ್ ನೆಟ್ಟಗೆ ಮಾಡಿದರು. ಕ್ಯಾಂಬರ್ ಬೋಲ್ಟ್ ಮುಟ್ಟಲಿಲ್ಲ.

ಮೂರನೇ ಸಲ ಹಾಸನ. ಇಲ್ಲೇ ನೋಡಿ ನಾನು ಕೆಟ್ಟಿದ್ದು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಬಿಡದೆ ಓದಿ.

ಲೋವರ್ ಆರ್ಮ್ ಚಾಸಿಗೆ ಸೇರೋ ಜಾಗದಲ್ಲಿ ಬೋಲ್ಟ್ ಇರುತ್ತಲ್ಲ, ನಮ್ಮ ಥರದ ಗಾಡಿಯಲ್ಲಿ ಅದು ಮಾಮೂಲಿ ಬೋಲ್ಟ್ ಅಲ್ಲ. ಅದರ ತಲೆಗೆ ಒಂದು ದುಂಡು ತಟ್ಟೆ ಇರುತ್ತೆ, ಬೋಲ್ಟ್ ಆ ತಟ್ಟೆಯ ಮಧ್ಯದಲ್ಲಿ ಇರಲ್ಲ, ಸ್ವಲ್ಪ ಪಕ್ಕಕ್ಕಿರುತ್ತೆ. ತಿರುಗಿಸಿದರೆ ಆರ್ಮ್ ಒಳಕ್ಕೋ ಹೊರಕ್ಕೋ ಚೂರು ಸರಿಯುತ್ತೆ. ಕ್ಯಾಂಬರ್, ಕ್ಯಾಸ್ಟರ್ ಎರಡೂ ಅದರಲ್ಲೇ ಕೂರಿಸೋದು, ಕ್ಯಾಂಬರ್ ಬೋಲ್ಟ್ ಅಂದಿದ್ದು ಇದನ್ನೇ. ಒಂದೊಂದು ಕಡೆ ಎರಡು, ಒಟ್ಟು ನಾಲ್ಕು. ಕ್ಯಾಂಬರ್ ಅಂದ್ರೆ ಚಕ್ರ ಮೇಲ್ಗಡೆ ಒಳಕ್ಕೆ ವಾಲಿದೆಯಾ ಹೊರಕ್ಕಾ ಅಂತ. ಕ್ಯಾಸ್ಟರ್ ಅಂದ್ರೆ ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ಒರಗಿರುತ್ತಲ್ಲ, ಅದು. ಲಿಫ್ಟ್ ಹಾಕಿದರೆ ಸಾಮಾನ್ಯವಾಗಿ ಕ್ಯಾಸ್ಟರ್ ಕಮ್ಮಿ ಆಗುತ್ತೆ, ಸ್ಟೇರಿಂಗ್ ವಾಪಸ್ ಬರದೇ ಇರೋದು ಅದಕ್ಕೇ. ಎರಡು ಕಡೆ ಬೇರೆ ಬೇರೆ ಆಯ್ತು ಅಂದ್ರೆ, ಯಾವ ಕಡೆ ಕಮ್ಮಿಯೋ ಆ ಕಡೆಗೆ ಗಾಡಿ ಎಳೆಯುತ್ತೆ.

ಈಗ ಆರ್ಮ್‌ನ ತುದಿಯಲ್ಲಿ ಆ ಬೋಲ್ಟಿನ ಸುತ್ತ ಕೂರೋ ಬುಷ್. ಹೊರಗೆ ಕಬ್ಬಿಣದ ಬಳೆ, ಮಧ್ಯೆ ರಬ್ಬರ್, ಒಳಗೆ ಇನ್ನೊಂದು ಕಬ್ಬಿಣದ ಕೊಳವೆ. ಆ ಕೊಳವೆಯೊಳಗೆ ಬೋಲ್ಟ್. ನಟ್ ಸಡಿಲ ಮಾಡಿದಾಗ ಬೋಲ್ಟ್ ಕೊಳವೆಯೊಳಗೆ ಸಲೀಸಾಗಿ ತಿರುಗಬೇಕು. ನೀರು ಹೋಗಿ ತುಕ್ಕು ಹಿಡಿದರೆ ಬೋಲ್ಟು, ಕೊಳವೆ ಎರಡೂ ಬೆಸುಗೆ ಹಾಕಿದ ಹಾಗೆ ಒಂದಾಗಿಬಿಡುತ್ತೆ.

ಹಾಸನದ ಹುಡುಗನೂ ಮೊದಲು ಆಗಲ್ಲ ಅಂದ. ನಾನು ಬಿಡಲಿಲ್ಲ. ಮೂಡಿಗೆರೆಯಿಂದ ಬಂದಿದೀನಿ, ಎರಡು ಸಲ ದುಡ್ಡು ಕೊಟ್ಟಿದೀನಿ, ಏನಾದ್ರೂ ಮಾಡಪ್ಪ ಅಂದೆ. ಅಲ್ಲೇ ಮೂಲೆಯಲ್ಲಿ ನಾಲ್ಕಡಿ ಜಿಐ ಪೈಪ್ ಬಿದ್ದಿತ್ತು. ಅದನ್ನ ತಂದು ಕೊಟ್ಟವನೂ ನಾನೇ. ಸ್ಪಾನರ್ ಹಿಡಿಗೆ ಪೈಪ್ ಸಿಗಿಸಿ ಇಬ್ಬರು ಜೋತುಬಿದ್ದರು. "ಕಿರ್ರ್" ಅಂತು. ತಿರುಗಿತು! ಸ್ಕ್ರೀನಿನಲ್ಲಿ ನಂಬರ್ ಓಡಿ, ಕೆಂಪು ಹೋಗಿ ಹಸಿರು ಬಂತು. ನಟ್ ಟೈಟ್ ಮಾಡಿದರು. ಪ್ರಿಂಟ್ ಕೊಟ್ಟರು, ಎಲ್ಲಾ ಹಸಿರು. ಹುಡುಗನಿಗೆ ಟೀಗೆ ಅಂತ ನೂರು ರೂಪಾಯಿ ಕೊಟ್ಟು ಬಂದೆ. ಬೇಲೂರು ರಸ್ತೆಯಲ್ಲಿ ಎಂಬತ್ತರ ಸ್ಪೀಡಲ್ಲಿ ಸ್ಟೇರಿಂಗಿಂದ ಕೈ ಸಡಿಲ ಬಿಟ್ಟು ನೋಡಿದೆ. ದಾರ ಹಿಡಿದ ಹಾಗೆ ನೆಟ್ಟಗೆ ಹೋಯ್ತು.

ಅವತ್ತು ತಿರುಗಿದ್ದು ಬೋಲ್ಟ್ ಒಂದೇ ಅಲ್ಲ. ಅದರ ಜೊತೆ ಕೊಳವೆ ತಿರುಗಿತ್ತು, ಕೊಳವೆಯ ಜೊತೆ ರಬ್ಬರ್ ತಿರುಚಿಕೊಂಡಿತ್ತು. ತಟ್ಟೆ ತಿರುಗಿದ್ದರಿಂದ ಆರ್ಮ್ ಸರಿಯಿತು, ಹಾಗಾಗಿ ಮೆಷಿನ್ ಹಸಿರು ತೋರಿಸಿತು. ಮೆಷಿನ್ ಸುಳ್ಳು ಹೇಳಲಿಲ್ಲ. ಅದಕ್ಕೆ ಕೋನ ಕಾಣುತ್ತೆ, ರಬ್ಬರ್ ಕಾಣಲ್ಲ. ಒದ್ದೆ ಬಟ್ಟೆ ಹಿಂಡಿ ಹಾಗೇ ಬಿಗಿದು ಕಟ್ಟಿದ ಹಾಗೆ ನಾಲ್ಕು ಬುಷ್‌ಗಳನ್ನ ತಿರುಚಿಟ್ಟು, ಅದರ ಮೇಲೆ ನಾನು ಗೊಬ್ಬರದ ಮೂಟೆ ಹೇರಿಕೊಂಡು ಓಡಾಡಿದೆ. ಮೂರು ವಾರಕ್ಕೆ ರಬ್ಬರ್ ಹರಿಯಿತು.

ಮೊದಲು ಬ್ರೇಕ್ ಹಾಕಿದಾಗ "ಟಕ್" ಅಂತ ಸದ್ದು. ಆಮೇಲೆ ಬ್ರೇಕ್ ಹಾಕಿದಾಗೆಲ್ಲ ಎಡಕ್ಕೆ ಒಂದು ಜಗ್ಗು. ನಾನು ಬ್ರೇಕ್ ಪ್ಯಾಡ್ ಬದಲಾಯಿಸಿದೆ, ನೋಡಿ ಬುದ್ಧಿ. ಬುಷ್ ಹರಿದ ಮೇಲೆ ಆರ್ಮ್ ಒಂದು ಕಡೆ ನಿಲ್ಲಲ್ಲ. ಬ್ರೇಕಿಗೊಂದು ಟೋ, ಗುಂಡಿಗೊಂದು ಟೋ. ಮುಂದಿನ ಟೈರ್ ಮೇಲೆ ಕೈ ಆಡಿಸಿ ನೋಡಿ. ನನ್ನದು ಅಡ್ಡಡ್ಡ ಒಂದು ದಿಕ್ಕಿಗೆ ಸವರಿದರೆ ನುಣ್ಣಗಿತ್ತು, ಎದುರು ದಿಕ್ಕಿಗೆ ಸವರಿದರೆ ಗರಗಸದ ಹಲ್ಲಿನ ಹಾಗೆ ಬೆರಳಿಗೆ ಸಿಗುತ್ತಿತ್ತು. ಟೋ ಹಾಳಾಗಿರೋದಕ್ಕೆ ಇದೇ ಗುರುತು. ಒಂದು ಚಕ್ರ ಬರೀ ಅರ್ಧ ಡಿಗ್ರಿ ಓರೆಯಾಗಿದ್ದರೂ, ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಎಂಟೊಂಬತ್ತು ಮೀಟರ್ ಅಡ್ಡಡ್ಡ ಉಜ್ಜಿದ ಹಾಗಾಗುತ್ತೆ. ಟೈರ್ ಉಳಿಯುತ್ತಾ? ಎರಡು ಹೊಸ ಟೈರ್ ಹಾಕಿಸಿದೆ, 18,000. ಬುಷ್ ನೋಡಲೇ ಇಲ್ಲ, ಹಾಗಾಗಿ ಅವೂ ಒಳಗಡೆ ತಿಂದವು.

ಕೊನೆಗೆ ಹಾಸನದಲ್ಲೇ, ಬರೀ ಸಸ್ಪೆನ್ಷನ್ ಕೆಲಸ ಮಾಡೋ ವಯಸ್ಸಾದ ಒಬ್ಬ ಭಾಯ್ ಹತ್ತಿರ ಹೋದೆ. ತಗಡಿನ ಶೆಡ್ಡು, ಮೆಷಿನ್ ಗಿಷಿನ್ ಇಲ್ಲ. ಪ್ರಿಂಟ್ ತೋರಿಸೋಕೆ ಹೋದೆ, ಆಮೇಲೆ ಕೊಡಿ ಅಂತ ಪಕ್ಕಕ್ಕಿಟ್ಟರು. ಪಿಟ್‌ಗೆ ಇಳಿದು ನಟ್ ಸಡಿಲ ಮಾಡಿ, ನನ್ನನ್ನೂ ಕೆಳಗೆ ಕರೆದು ಟಾರ್ಚ್ ಕೈಗೆ ಕೊಟ್ಟರು. "ರಬ್ಬರ್ ನೋಡ್ತಿರಿ ಅಣ್ಣ" ಅಂತ ಹೇಳಿ ಬೋಲ್ಟ್ ತಲೆ ಸ್ವಲ್ಪ ತಿರುಗಿಸಿದರು. ಸೀಳು ಬಿಟ್ಟ ರಬ್ಬರ್ ಬಾಯಿ ತೆರೆಯಿತು. ಒಳಗೆ ಕೆಂಪು ತುಕ್ಕಿನ ಪುಡಿ. ಇನ್ನೊಂದು ಬುಷ್ ಪೂರ್ತಿ ಹರಿದಿರಲಿಲ್ಲ. ಅದರಲ್ಲಿ ಸ್ಪಾನರ್ ಬಿಟ್ಟ ತಕ್ಷಣ ಬೋಲ್ಟ್ ಸ್ಪ್ರಿಂಗಿನ ಹಾಗೆ ತಾನೇ ಹಿಂದಕ್ಕೆ ಬಂತು.

"ಬೋಲ್ಟ್ ಬಿಟ್ಟಿಲ್ಲ ಅಣ್ಣ, ರಬ್ಬರ್ ಕಿತ್ತೈತೆ. ಎತ್ತೋಕೆ ಮುಂಚೆ ಬರ್ಬೇಕಿತ್ತು."

ಅಷ್ಟೇ ಸಾರ್, ನನ್ನ ತಪ್ಪು ಅಷ್ಟೇ. ಲಿಫ್ಟ್ ಹಾಕಿಸೋಕೆ ಮುಂಚೆ ಆ ನಾಲ್ಕು ಬೋಲ್ಟ್ ತಿರುಗುತ್ತವಾ ಅಂತ ನೋಡಬೇಕಿತ್ತು. ಹತ್ತು ನಿಮಿಷದ ಕೆಲಸ. ಎತ್ತರ ಬದಲಾಯಿಸಿದರೆ ಕೋನ ಬದಲಾಗೋದು ಗ್ಯಾರಂಟಿ. ಅದನ್ನ ವಾಪಸ್ ತರೋ ಬೋಲ್ಟೇ ಜಾಮ್ ಆಗಿದ್ದರೆ ಲಿಫ್ಟ್ ಹಾಕಿಸಲೇಬಾರದು. ನೋಡದೇ ಇದ್ದಿದ್ದು ಹೋಗಲಿ, ಆಗಲ್ಲ ಅಂತ ಮೂರು ಜನ ಹುಡುಗರು ಹೇಳಿದರೂ ಪೈಪ್ ತಂದು ಕೊಟ್ಟೆನಲ್ಲ!

ಸರಿ ಮಾಡಿದ್ದು ಹೀಗೆ. ಬೋಲ್ಟ್ ಬಿಚ್ಚೋಕೆ ಎರಡು ದಿನ ಡೀಸೆಲ್, ಸ್ಪ್ರೇ ಎಲ್ಲ ಹೊಡೆದರು. ಒಂದು ಬಂತು, ಮೂರು ಬರಲಿಲ್ಲ. ಆ ಮೂರನ್ನ ಬ್ರಾಕೆಟ್ಟಿಗೂ ಬುಷ್‌ಗೂ ಮಧ್ಯೆ ಬ್ಲೇಡ್ ತೂರಿಸಿ ಎರಡೂ ಕಡೆ ಕೊಯ್ದು ತೆಗೆದರು. ಗ್ಯಾಸ್ ಹಿಡಿಯೋಣ ಅಂದರೆ ರಬ್ಬರ್ ಹೊತ್ತಿಕೊಳ್ಳುತ್ತೆ, ಪಕ್ಕದಲ್ಲೇ ಬ್ರೇಕ್ ಹೋಸ್ ಬೇರೆ. ಹೊಸ ಬುಷ್ ಪ್ರೆಸ್‌ನಲ್ಲಿ ಕೂರಿಸಿ, ಹೊಸ ಬೋಲ್ಟಿಗೆ ತುಕ್ಕು ಹಿಡಿಯದ ಹಾಗೆ ಗ್ರೀಸ್ ಬಳಿದು ಹಾಕಿದರು. ನಟ್ ಫುಲ್ ಟೈಟ್ ಮಾಡಿದ್ದು ಗಾಡಿ ನಾಲ್ಕೂ ಚಕ್ರದ ಮೇಲೆ ನೆಲಕ್ಕೆ ಇಳಿದ ಮೇಲೆ. ಇದನ್ನ ನೀವು ಅಲ್ಲೇ ನಿಂತು ನೋಡಿ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಟೈಟ್ ಮಾಡಿದರೆ, ಕೆಳಗಿಳಿಸಿದ ತಕ್ಷಣ ರಬ್ಬರ್ ಮತ್ತೆ ತಿರುಚಿಕೊಳ್ಳುತ್ತೆ, ಹೊಸ ಬುಷ್ ಕೂಡ ಬೇಗ ಹರಿಯುತ್ತೆ. ಟೈ ರಾಡ್ ಎಂಡ್ ಎರಡೂ ಬದಲಾಯಿಸಿದೆವು. ಆಮೇಲೆ ಅದೇ ಅಲೈನ್‌ಮೆಂಟ್ ಅಂಗಡಿ, ಅದೇ ಹುಡುಗ. ಮೊದಲು ಕ್ಯಾಸ್ಟರ್, ಕ್ಯಾಂಬರ್, ಕೊನೆಗೆ ಟೋ. ನಲವತ್ತು ನಿಮಿಷದಲ್ಲಿ ಮುಗೀತು. ಅವತ್ತೂ ಟೀಗೆ ಕೊಟ್ಟೆ.

ಅದಕ್ಕೇ ಹೇಳ್ತಿರೋದು, ಅಂಗಡಿ ಬದಲಾಯಿಸಿ ಪ್ರಯೋಜನ ಇಲ್ಲ. ನಿಮ್ಮ ಹತ್ತಿರ ಹಳೇ ಪ್ರಿಂಟ್ ಇದ್ದರೆ ತೆಗೆದು ನೋಡಿ. ಮೂರು ಸಲವೂ ಕ್ಯಾಂಬರ್, ಕ್ಯಾಸ್ಟರ್ ಹೆಚ್ಚುಕಮ್ಮಿ ಅದೇ ನಂಬರ್ ಇದ್ದು, ಟೋ ಮಾತ್ರ ಬದಲಾಗಿದ್ದರೆ, ಬೋಲ್ಟ್ ಯಾರೂ ಮುಟ್ಟಿಲ್ಲ ಅಂತ ಅರ್ಥ. ಒಂದು ಸಲ ಹಸಿರಾಗಿ ಆಮೇಲೆ ಕೆಟ್ಟಿದ್ದರೆ, ಯಾರೋ ಪೈಪ್ ಹಾಕಿದ್ದಾರೆ. ಎರಡಕ್ಕೂ ಔಷಧಿ ಒಂದೇ, ಬುಷ್ ಮತ್ತು ಬೋಲ್ಟ್. ಚಾಸಿ ಬ್ರಾಕೆಟ್ಟನ್ನೂ ಸುತ್ತಿಗೆಯಲ್ಲಿ ಬಡಿದು ನೋಡಲು ಹೇಳಿ. ಪದರ ಪದರವಾಗಿ ಉದುರಿದರೆ ಈ ಖರ್ಚೂ ದಂಡ.

ಇನ್ನು ಲಿಫ್ಟ್ ಬಗ್ಗೆ. ನೀವು ಕೇಳಿಲ್ಲ, ಆದರೂ ಹೇಳ್ತೀನಿ. ನಾನು ಸ್ಪೇಸರ್ ತೆಗೆಸಿದೆ. ಭಾಯ್ ಬೇಡ ಅಂದಿರಲಿಲ್ಲ, ನನಗೇ ಸಾಕಾಗಿತ್ತು. ಕಂಪನಿ ಕೊಟ್ಟಿದ್ದನ್ನ ಹೀಗೆ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತಕರಾರು ಬೇರೆ ಇದೆ, ಆಕ್ಸಿಡೆಂಟ್ ಆದರೆ ಇನ್ಶೂರೆನ್ಸಿನವರು ಅದನ್ನೇ ಹಿಡಿದು ಕೂರಬಹುದು. ಟೈರು, ಬ್ರೇಕ್ ಪ್ಯಾಡು, ಅಲೈನ್‌ಮೆಂಟು ಅಂತ ನಾನು ಸುಮ್ನೆ ಕಳ್ಕೊಂಡ ದುಡ್ಡಿನಲ್ಲಿ ತೋಟದ ದಾರಿಗೆ ಎರಡು ಲೋಡ್ ಜಲ್ಲಿ, ಒಂದು ಮೋರಿ ಪೈಪ್ ಬರ್ತಿತ್ತು. ಕಳೆದ ಬೇಸಿಗೆಯಲ್ಲಿ ಅದನ್ನೇ ಹಾಕಿಸಿದೆ. ಈಗ ಅಪ್ಪನ ಸ್ಕೂಟರೂ ಹೋಗುತ್ತೆ.

ಟೈರ್ ಮಾತ್ರ ಈಗಲೇ ತಗೋಬೇಡಿ. ಬುಷ್ ಕೆಲಸ ಆಗೋವರೆಗೆ ಈಗಿರೋದರಲ್ಲೇ ಓಡಿಸಿ, ಅದೂ ತೋಟದೊಳಗೆ ಮಾತ್ರ. ಒಳಗಡೆ ತಂತಿ ಕಾಣ್ತಿದ್ದರೆ ಅದೂ ಬೇಡ, ಗಾಡಿ ನಿಲ್ಲಿಸಿ.