ಅಮ್ಮನ ಬೀಡಿ ಪಾಸ್‌ಬುಕ್ಕೂ ಸಮಾಜಶಾಸ್ತ್ರಾನಾ?

ಪ್ರಶ್ನೆ: ಎಂಎ ಸಮಾಜಶಾಸ್ತ್ರ ಓದ್ತಿದ್ದೀನಿ, ಬಂಟ್ವಾಳ ಕಡೆಯವಳು. ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನ ಓದಿಸಿದ್ದು, ನಾನೂ ಅಕ್ಕನೂ ಶಾಲೆಯಿಂದ ಬಂದ್ಮೇಲೆ ತಡ್ಪೆ (ಮೊರ) ಮಡಿಲಲ್ಲಿಟ್ಕೊಂಡು ಕಟ್ಟಿದ್ದೀವಿ. ಡಿಸರ್ಟೇಶನ್‌ಗೆ ಇದನ್ನೇ ತಗೊಳ್ತೀನಿ ಅಂದ್ರೆ ಗೈಡ್ ಸರ್ "ಅದು ಆತ್ಮಕಥೆ ಆಗುತ್ತೆ ಕಣಮ್ಮ, ಬೇರೆ ನೋಡು" ಅಂತಾರೆ. ಬಿಟ್ಬಿಡ್ಲಾ? (ಹೆಸರು ಬೇಡ)

ಉತ್ತರ: ಯಾಕ್ ಬಿಡ್ತೀರಾ? ಆದ್ರೆ ಗೈಡ್ ಮಾತನ್ನ ಪೂರ್ತಿ ತಳ್ಳಿಹಾಕೋಕೂ ಹೋಗ್ಬೇಡಿ. ನಮ್ಮ ಮನೇಲಿ ಎಷ್ಟು ಕಷ್ಟ ಇತ್ತು ಅಂತ ಬರೆದು ನಿಲ್ಲಿಸಿದ್ರೆ ಅವರು ಹೇಳಿದ್ದೇ ಸರಿಯಾಗುತ್ತೆ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲೇ ಹೇಳಿದ್ರು, ಊರಲ್ಲಿ ಒಬ್ಬನಿಗೆ ಕೆಲಸ ಇಲ್ಲ ಅಂದ್ರೆ ಅದು ಅವನ ತಾಪತ್ರಯ, ಲಕ್ಷಾಂತರ ಜನಕ್ಕೆ ಇಲ್ಲ ಅಂದ್ರೆ ಅದು ಸಮಾಜದ ಪ್ರಶ್ನೆ ಅಂತ. ನಿಮ್ಮ ತಾಪತ್ರಯದೊಳಗೆ ಆ ಎರಡನೇದು ಎಲ್ಲಿದೆ ಅಂತ ಹುಡುಕ್ಬೇಕು ಅಷ್ಟೇ.

ನಂಗನ್ಸೋದು, ಅದು ಅಮ್ಮನ ಪಾಸ್‌ಬುಕ್‌ನಲ್ಲೇ ಇದೆ, ಬ್ಯಾಂಕಿಂದಲ್ಲ, ಕೊಟ್ಟ ಎಲೆ, ಕಟ್ಟಿ ತಂದ ಬೀಡಿ ಲೆಕ್ಕ ಬರೆಯೋ ಪುಸ್ತಕ. ಅದ್ರಲ್ಲಿ ಹೆಸರು ಅಮ್ಮಂದೊಂದೇ, ಕಟ್ಟಿದ ಕೈ ಮಾತ್ರ ಮೂರು ಜನದ್ದು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೇಲಿ ಕೂತು ಕಟ್ಟೋರನ್ನೂ ಕಾರ್ಮಿಕರು ಅಂತಲೇ ಲೆಕ್ಕ ಹಾಕಿತ್ತು, ಆದ್ರೆ ಹೋಮ್‌ವರ್ಕ್ ಮುಗಿಸಿ ನೂಲು ಸುತ್ತಿದ ನೀವಿಬ್ರೂ ಆ ಲೆಕ್ಕದಲ್ಲಿ ಯಾರು? ಇದನ್ನ ಹಿಡ್ಕೊಂಡು ಪಕ್ಕದ ಹತ್ತಿಪ್ಪತ್ತು ಮನೆಗೆ ಹೋಗಿ. ಸಾವಿರ ಬೀಡಿಗೆ ಅಂತ ಕೊಟ್ಟ ಎಲೆ ಸಾಕಾಗುತ್ತಾ, ಸಾಲದಿದ್ರೆ ಯಾರ ದುಡ್ಡಲ್ಲಿ ತರ್ತಾರೆ, ಬ್ರಾಂಚಲ್ಲಿ (ಎಲೆ ಕೊಟ್ಟು ಬೀಡಿ ತಗೊಳ್ಳೋ ಜಾಗದಲ್ಲಿ) ರಿಜೆಕ್ಟ್ ಆದ ಬೀಡಿ ಎಲ್ಲಿಗೆ ಹೋಗುತ್ತೆ, ಮಜೂರಿ ಯಾರ ಕೈಗೆ ಬರುತ್ತೆ, ಗಂಡುಹುಡುಗರನ್ನ ಕಟ್ಟೋಕೆ ಯಾಕೆ ಕೂರಿಸಲ್ಲ. ಹೊರಗಿನವರಿಗೆ ಇವು ಕೇಳೋಕೇ ತೋಚಲ್ಲ, ನಿಮಗೆ ತೋಚುತ್ತೆ. ಅಪಾಯನೂ ಅಲ್ಲೇ ಇದೆ, ಇದೆಲ್ಲ ಗೊತ್ತಿರೋದೇ ಅಲ್ವಾ ಅಂತ ಅರ್ಧ ಸಂಗತಿ ಬರೆಯೋದೇ ಇಲ್ಲ.

ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನೇ ನೋಡಿ. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳೀಲಿ ಹೋಗಿ ಉಳ್ಕೊಂಡ್ರು, ಅದಕ್ಕೆ ರಾಮಪುರ ಅಂತ ಬೇರೆ ಹೆಸರಿಟ್ರು, ಅವರ ಪೂರ್ವಿಕರ ಊರೂ ಅದೇ ಸೀಮೆಯದ್ದು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕೀಲಿ ಆ ಹಳ್ಳಿ ಬಗ್ಗೆ ವರ್ಷಗಟ್ಟಲೆ ವಿಂಗಡಿಸಿಟ್ಟಿದ್ದ ನೋಟ್ಸಿನ ಮೂರೂ ಪ್ರತಿ ಸುಟ್ಟುಹೋದ್ವು, ಆಮೇಲೆ ಹೆಚ್ಚಾಗಿ ನೆನಪಿನ ಮೇಲೇ 1976ರ 'ದಿ ರಿಮೆಂಬರ್ಡ್ ವಿಲೇಜ್' ಬರೆದ್ರು. ಈ ಬೆಂಕಿ ಕಥೆ ಎಲ್ರೂ ಹೇಳ್ತಾರೆ. ನಂಗೆ ಅದಕ್ಕಿಂತ ದೊಡ್ಡದು ಅನ್ಸೋದು, ತಾನು ಊರನ್ನ ಮೇಲ್ಜಾತಿಯವರ ಕಡೆಯಿಂದ ನೋಡಿದ್ದು ಅಂತ ಅವರೇ ಒಪ್ಕೊಂಡಿದ್ದು. ನೀವೂ ಒಂದು ಪುಟ ಬರೀರಿ, ನಾನು ಮಗಳು, ಓದಿ ಆಚೆ ಬಂದವಳು, ಅದಕ್ಕೇ ನಂಗೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ. ಗೈಡ್‌ಗೆ ಬೇಕಾಗಿರೋ ವಸ್ತುನಿಷ್ಠತೆ ಬಹುಪಾಲು ಇದ್ರಲ್ಲೇ ಸಿಗುತ್ತೆ.

ಇನ್ನೊಂದು, ಇದು ಸ್ವಲ್ಪ ಕಷ್ಟದ್ದು. ಬೇರೆ ಮನೆಯವರ ಹೆಸರು ಬದಲಾಯಿಸ್ಬೋದು, ಅಮ್ಮಂದು ಹೆಂಗೆ ಬದಲಾಯಿಸ್ತೀರಾ? ಕವರ್ ಮೇಲೆ ನಿಮ್ಮ ಹೆಸರಿದ್ದು ಒಳಗೆ 'ನನ್ನ ತಾಯಿ' ಅಂತಿದ್ರೆ ಮುಗೀತು, ಊರಿಗೆಲ್ಲ ಗೊತ್ತು. ಬ್ರಾಂಚಲ್ಲಿ ಎಲೆ ತೂಕ ಕಮ್ಮಿ ಕೊಡ್ತಾರೆ ಅಂತ ನೀವು ಬರೆದು ಡಿಗ್ರಿ ತಗೊಂಡ್ರೆ ಮಾರನೇ ದಿನ ಎಲೆಗೆ ಅಲ್ಲಿಗೇ ಹೋಗ್ಬೇಕಾದ್ದು ಅಮ್ಮ ತಾನೆ. ಅದಕ್ಕೇ ಬರೆದಿದ್ದನ್ನ ತುಳುವಲ್ಲೇ ಅಮ್ಮಂಗೆ ಓದಿ ಹೇಳಿ, ಬೇಡ ಅಂದಿದ್ದನ್ನ ತೆಗೀರಿ, "ಹಂಗಲ್ಲ ಮಗಾ ಆಗಿದ್ದು" ಅಂದ್ರೆ ಆ ಜಗಳಾನೂ ಅಧ್ಯಾಯದಲ್ಲಿ ಸೇರಿಸಿ.

ಪ್ರಶ್ನೆ: ಬ್ಯಾಂಕಲ್ಲಿ ಗುಮಾಸ್ತನಾಗಿದ್ದೆ, ಹಳ್ಳಿ ಬ್ರಾಂಚ್‌ಗಳಲ್ಲೇ ಸರ್ವಿಸ್ ಕಳೀತು. ನನ್ನ ಅನುಭವವೂ ಅಧ್ಯಯನಕ್ಕೆ ಬರುತ್ತಾ? (ನಿವೃತ್ತರು, ಶಿರಸಿ)

ಉತ್ತರ: ಖಂಡಿತ ಬರುತ್ತೆ ಸಾರ್. ಆದ್ರೆ ಟ್ರಾನ್ಸ್‌ಫರ್ ಪುರಾಣ, ಪ್ರಮೋಷನ್ ಪುರಾಣ ಬೇಡ, ಅದನ್ನ ಈಗಾಗ್ಲೇ ಬಹಳ ಜನ ಬರೆದಿದ್ದಾರೆ. 1969ರಲ್ಲಿ 14 ಬ್ಯಾಂಕ್ ರಾಷ್ಟ್ರೀಕರಣ ಆದ್ಮೇಲೆ ಹಳ್ಳಿಗಳಿಗೆ ಶಾಖೆ ಬಂದ್ವಲ್ಲ, ಅಲ್ಲಿ ಸಾಲಕ್ಕೆ ಯಾರು ಬರ್ತಿದ್ರು, ಜಾಮೀನಿಗೆ ಯಾರು ನಿಲ್ತಿದ್ರು, ಯಾರು ಒಳಗೆ ಬಂದು ಕುರ್ಚೀಲಿ ಕೂರ್ತಿದ್ರು, ಯಾರು ಬಾಗಿಲ ಹತ್ರನೇ ನಿಲ್ತಿದ್ರು, ಅದನ್ನ ಬರೀರಿ.