ಬುಷ್ ಬಗ್ಗೆ ಎರಡು ಗುಂಪು ಎರಡು ಮಾತು ಹೇಳುತ್ತವೆ. ಯುದ್ಧಕಾಲದ ಅಧ್ಯಕ್ಷರನ್ನು ತೂಗುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ನೀವಿರುವ ಒಂದು ವಾಟ್ಸಾಪ್ ಗುಂಪಿನಲ್ಲಿ ಕಿರಿಯ ಬುಷ್ (ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಡಬ್ಲ್ಯೂ. ಬುಷ್) ಅಂದರೆ ಸುಳ್ಳು ಹೇಳಿ ಇರಾಕನ್ನು ಹಾಳುಗೆಡವಿದವರು. ಇನ್ನೊಂದರಲ್ಲಿ ಸದ್ದಾಮನನ್ನು ಇಳಿಸಿ, ಭಾರತಕ್ಕೆ ಪರಮಾಣು ಒಪ್ಪಂದ ಕೊಟ್ಟ ಗಟ್ಟಿಗರು. ಎರಡೂ ಕಡೆಯವರು ಅಂಕಿಸಂಖ್ಯೆ ಸಮೇತ ವಾದಿಸುತ್ತಾರೆ. ಯಾರ ಮಾತು ಸರಿ?

ಗುಂಪು ಆರಿಸುವ ಕೆಲಸವೇ ಬೇಡ. 'ಬುಷ್ ಹೇಗೆ?' ಎಂಬುದಕ್ಕೆ ನೆಟ್ಟಗೆ ಉತ್ತರ ಸಿಗುವುದಿಲ್ಲ. '2003ರ ಮೇ 23ರಂದು ಇರಾಕಿನ ಸೇನೆಯನ್ನು ವಿಸರ್ಜಿಸಿದ್ದು ಸರಿಯೇ?' ಎಂಬುದಕ್ಕೆ ಸಿಗುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಹಾಕಿಕೊಳ್ಳಿ: ತಾರೀಖು, ನಿರ್ಧಾರ, ಆ ದಿನ ಅಧ್ಯಕ್ಷರ ಮೇಜಿನ ಮೇಲಿದ್ದ ಮಾಹಿತಿ, ಆಮೇಲೆ ಆದದ್ದು. ನಿಮ್ಮ ಗುಂಪುಗಳ ವಾದವನ್ನು ಗಮನಿಸಿ, ಎರಡನೇ ಅಂಕಣದಿಂದ ನೇರ ನಾಲ್ಕನೆಯದಕ್ಕೆ ಹಾರುತ್ತವೆ. ಮೂರನೆಯದು ಖಾಲಿ ಉಳಿದಿರುತ್ತದೆ. ಶ್ರಮ ಬೇಡುವುದು ಆ ಅಂಕಣವೇ.

ಮೊದಲ ಸಾಲಿಗೆ ಇರಾಕ್ ಯುದ್ಧವನ್ನೇ ಹಾಕೋಣ. ಇಲ್ಲಿ ತಾರೀಖು ಒಂದಲ್ಲ, ಎರಡು. 2002ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ಯುದ್ಧಾಧಿಕಾರ ಕೊಟ್ಟಿತು: ಕೆಳಮನೆಯಲ್ಲಿ 296–133, ಸೆನೆಟ್‌ನಲ್ಲಿ 77–23. ಆಗ ಮೇಜಿನ ಮೇಲಿದ್ದದ್ದು ಗುಪ್ತಚರ ಸಂಸ್ಥೆಗಳು ಒಟ್ಟಾಗಿ ಬರೆದ ಅಂದಾಜು ವರದಿ. ಸದ್ದಾಂ ಬಳಿ ರಾಸಾಯನಿಕ, ಜೈವಿಕ ಅಸ್ತ್ರಗಳಿವೆ ಎಂದೇ ಅದರ ಒಟ್ಟು ತೀರ್ಮಾನ. ಆದರೆ ಅದರೊಳಗೆ ಭಿನ್ನಮತವೂ ದಾಖಲಾಗಿತ್ತು. ಇರಾಕ್ ತರಿಸಿಕೊಳ್ಳುತ್ತಿದ್ದ ಅಲ್ಯೂಮಿನಿಯಂ ಕೊಳವೆಗಳು ಯುರೇನಿಯಂ ಪುಷ್ಟೀಕರಣಕ್ಕೆ (ಬಾಂಬಿಗೆ ಬೇಕಾದ ಹದಕ್ಕೆ ತರುವ ಕೆಲಸಕ್ಕೆ) ಇರಲಾರವು ಎಂದು ಇಂಧನ ಇಲಾಖೆ ಹೇಳಿತ್ತು. ಅಣು ಕಾರ್ಯಕ್ರಮ ಮತ್ತೆ ಶುರುವಾಗಿದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದು ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗ ಹೇಳಿತ್ತು. ಈ ಭಿನ್ನಮತದ ಭಾಗ ಜನರ ಕೈಗೆ ಬಂದದ್ದು 2003ರ ಜುಲೈನಲ್ಲಿ, ಯುದ್ಧ ಶುರುವಾದ ಮೇಲೆ. ಹಾಗಾಗಿ 2002ರಲ್ಲಿ ನಂಬಿದ ಸಾಮಾನ್ಯ ನಾಗರಿಕನನ್ನೂ ಶ್ವೇತಭವನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಎರಡನೇ ತಾರೀಖು 2003ರ ಮಾರ್ಚ್ 20. ನಡುವಿನ ಐದು ತಿಂಗಳಲ್ಲಿ ಮೇಜಿನ ಮೇಲಿನ ಕಾಗದ ಬದಲಾಗಿತ್ತು. ನವೆಂಬರಿನಲ್ಲಿ ಭದ್ರತಾ ಮಂಡಳಿ 1441ನೇ ನಿರ್ಣಯವನ್ನು 15–0 ಮತದಿಂದ ಅಂಗೀಕರಿಸಿತು, ವಿಶ್ವಸಂಸ್ಥೆಯ ತಪಾಸಣಾಧಿಕಾರಿಗಳು ಇರಾಕಿಗೆ ಮರಳಿದರು, 700ಕ್ಕೂ ಹೆಚ್ಚು ತಪಾಸಣೆ ನಡೆಸಿದರು. ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ನೈಜರ್‌ನಿಂದ ಯುರೇನಿಯಂ ಕೊಳ್ಳುವ ಯತ್ನಕ್ಕೆ ಪುರಾವೆ ಎನ್ನಲಾದ ಪತ್ರಗಳು ಅಸಲಿಯಲ್ಲ ಎಂದು ಮಾರ್ಚ್ 7ರಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಎಲ್‌ಬರಾದಿ ಭದ್ರತಾ ಮಂಡಳಿಗೆ ತಿಳಿಸಿದರು. 'ಆಗ ಎಲ್ಲರೂ ನಂಬಿದ್ದರು' ಎಂಬ ಸಮರ್ಥನೆ ಅಕ್ಟೋಬರಿಗೆ ಅರ್ಧ ಹೊಂದುತ್ತದೆ, ಮಾರ್ಚ್‌ಗೆ ಹೊಂದುವುದಿಲ್ಲ. ನನ್ನ ಲೆಕ್ಕದಲ್ಲಿ ಬುಷ್ ಅವರ ದೊಡ್ಡ ತಪ್ಪು ಅಕ್ಟೋಬರಿನ ಅನುಮಾನವಲ್ಲ. ಮಾರ್ಚ್‌ನಲ್ಲಿ ತಪಾಸಣೆಯನ್ನು ಅರ್ಧಕ್ಕೆ ನಿಲ್ಲಿಸಿ ಮುನ್ನುಗ್ಗಿದ್ದು.

'ಸುಳ್ಳು ಹೇಳಿದರು' ಎಂಬ ಮಾತನ್ನೂ ಬಿಡಿಸಿ ನೋಡಬೇಕು. ಬುಷ್ ಪರ ಗುಂಪು ಸಾಮಾನ್ಯವಾಗಿ ತೋರಿಸುವುದು 2005ರ ಮಾರ್ಚ್‌ನ ರಾಬ್–ಸಿಲ್ಬರ್‌ಮನ್ ಆಯೋಗದ (ಗುಪ್ತಚರ ಮಾಹಿತಿ ತಪ್ಪಿದ್ದೇಕೆಂದು ತನಿಖೆ ಮಾಡಿದ್ದು) ವರದಿ. ವಿಶ್ಲೇಷಕರ ತೀರ್ಮಾನ ಬದಲಿಸುವಂತೆ ರಾಜಕೀಯ ಒತ್ತಡ ಬಿದ್ದದ್ದಕ್ಕೆ ಪುರಾವೆ ಸಿಗಲಿಲ್ಲ ಎಂದು ಅದು ಹೇಳಿದ್ದು ನಿಜ. ಆದರೆ ಅಧಿಕಾರಸ್ಥರು ಆ ಮಾಹಿತಿಯನ್ನು ಜನರ ಮುಂದೆ ಹೇಗೆ ಬಳಸಿದರು ಎಂಬುದು ಆಯೋಗದ ವ್ಯಾಪ್ತಿಯಲ್ಲೇ ಇರಲಿಲ್ಲ. ಅದನ್ನು ನೋಡಿದ್ದು ಸೆನೆಟ್ ಗುಪ್ತಚರ ಸಮಿತಿಯ 2008ರ ಜೂನ್ ವರದಿ. ಅಸ್ತ್ರಗಳ ಬಗ್ಗೆ ಆಡಿದ ಹಲವು ಮಾತಿಗೆ ಅಂದಿನ (ತಪ್ಪಾದ) ಗುಪ್ತಚರ ಮಾಹಿತಿಯ ಆಧಾರವಿತ್ತು, ಅಲ್ ಖೈದಾ ಜೊತೆ ಸದ್ದಾಂ ಕೈಜೋಡಿಸಿದ್ದಾನೆ ಎಂಬ ಸೂಚನೆಗೆ ಇರಲಿಲ್ಲ ಎಂಬುದು ಅದರ ತೀರ್ಮಾನ. ಅಂದರೆ ಒಂದೇ ಭಾಷಣದ ಎರಡು ವಾಕ್ಯಕ್ಕೆ ಎರಡು ತೀರ್ಪು ಬೀಳಬಹುದು.

ಇನ್ನು ಮೂಲಗಳನ್ನು ಎಣಿಸುವ ವಿಚಾರ. ಎಕೋ ಚೇಂಬರ್ ಅಂದರೆ ಬೇರೆ ಸುದ್ದಿ ಕಿವಿಗೆ ಬೀಳದ ಜಾಗ ಅಂದುಕೊಳ್ಳುವವರು ಹೆಚ್ಚು. ಅದು ಸಣ್ಣ ಸಮಸ್ಯೆ, ಇನ್ನೊಂದು ಪತ್ರಿಕೆ ಓದಿದರೆ ಸರಿಹೋಗುತ್ತದೆ. ದೊಡ್ಡದು, ಸುದ್ದಿ ಬಿದ್ದರೂ 'ಹೇಳಿದವನು ಯಾರು ಗೊತ್ತಲ್ಲ' ಎಂದು ತಳ್ಳಿಹಾಕುವ ಏರ್ಪಾಡು, ಜೊತೆಗೆ ಒಂದೇ ದನಿ ಹತ್ತು ದನಿಯಾಗಿ ಮರಳುವುದು. ಗೋಳಗುಮ್ಮಟದಲ್ಲಿ ಒಬ್ಬ ಕೂಗಿದ್ದು ಏಳು ಸಲ ಕೇಳಿಸಿದರೆ ಏಳು ಸಾಕ್ಷಿ ಆಗುವುದಿಲ್ಲ. ಶ್ವೇತಭವನದಲ್ಲಿ ಆದದ್ದು ಇದೇ. 2002ರ ಸೆಪ್ಟೆಂಬರ್ 8ರಂದು ನ್ಯೂಯಾರ್ಕ್ ಟೈಮ್ಸ್ ಆ ಕೊಳವೆಗಳ ಸುದ್ದಿ ಪ್ರಕಟಿಸಿತು, ಸುದ್ದಿ ಕೊಟ್ಟವರು ಸರ್ಕಾರದ ಅಧಿಕಾರಿಗಳೇ. ಅದೇ ದಿನ ಬೆಳಿಗ್ಗೆ ಉಪಾಧ್ಯಕ್ಷ ಚೇನಿ ಟಿವಿಯಲ್ಲಿ ಕೂತು ಆ ಪತ್ರಿಕೆಯ ವರದಿಯನ್ನೇ ಉಲ್ಲೇಖಿಸಿದರು. ಸಂಚಾರಿ ಜೈವಿಕ ಅಸ್ತ್ರ ಘಟಕಗಳ ಕಥೆಯ ಮುಖ್ಯ ಮೂಲವೂ ಜರ್ಮನಿಯಲ್ಲಿದ್ದ 'ಕರ್ವ್‌ಬಾಲ್' ಎಂಬ ಸಂಕೇತನಾಮದ ಒಬ್ಬ ಇರಾಕಿ ನಿರಾಶ್ರಿತ. ಅವನ ಮಾತು ನೂರರಷ್ಟು ವರದಿಗಳಾಗಿ ಹರಿದು, 2003ರ ಫೆಬ್ರವರಿ 5ರಂದು ವಿದೇಶಾಂಗ ಸಚಿವ ಪವೆಲ್ ಅವರ ಬಾಯಲ್ಲಿ ವಿಶ್ವಸಂಸ್ಥೆ ಮುಟ್ಟಿತು. ಕಟ್ಟುಕಥೆ ಹೇಳಿದೆ ಎಂದು 2011ರಲ್ಲಿ ಅವನೇ ಒಪ್ಪಿಕೊಂಡ. ನಿಮ್ಮ ಗುಂಪಿನ ಪ್ರತಿ ಫಾರ್ವರ್ಡ್‌ಗೂ ಇದೇ ಮಾಡಿ: ಯಾರು ಯಾರಿಂದ ತೆಗೆದುಕೊಂಡರು ಎಂದು ಹಿಂದಕ್ಕೆ ಹೋಗಿ. ಹತ್ತು ಕೊಂಡಿಗಳು ಎರಡು ಬೇರಿಗೆ ಇಳಿದರೆ ನಿಮ್ಮ ಬಳಿ ಇರುವುದು ಎರಡು ಸಾಕ್ಷಿ.

ಕೇಳುಗರ ಕಡೆ ಏನಾಗಿತ್ತು ಎಂಬುದಕ್ಕೂ ದಾಖಲೆ ಇದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2003ರ ಜನವರಿಯಿಂದ ಸೆಪ್ಟೆಂಬರ್‌ವರೆಗಿನ ಸಮೀಕ್ಷೆಗಳಲ್ಲಿ ಮೂರು ತಪ್ಪು ನಂಬಿಕೆಗಳನ್ನು ಅಳೆದರು: ಅಲ್ ಖೈದಾ ನಂಟಿನ ಪುರಾವೆ ಸಿಕ್ಕಿದೆ, ಅಸ್ತ್ರಗಳು ಸಿಕ್ಕಿವೆ, ಜಗತ್ತಿನ ಬೆಂಬಲವಿದೆ. ಬಲಪಂಥೀಯ ಒಲವಿನ ಫಾಕ್ಸ್ ಸುದ್ದಿವಾಹಿನಿಯ ನೋಡುಗರಲ್ಲಿ 80% ಜನ ಒಂದಾದರೂ ನಂಬಿದ್ದರು, ಸಾರ್ವಜನಿಕ ರೇಡಿಯೊ ಮತ್ತು ಟಿವಿ ಅನುಸರಿಸುವವರಲ್ಲಿ 23%. ಬುಷ್ ವಿರೋಧಿ ಗುಂಪಿಗೆ ಈ ಅಂಕಿ ಬಲು ಇಷ್ಟ. ಆದರೆ ಕೇಳಿದ ಮೂರೂ ಪ್ರಶ್ನೆ ಒಂದೇ ಕಡೆಯ ತಪ್ಪನ್ನು ಹಿಡಿಯುವಂಥವು. ಸೆಪ್ಟೆಂಬರ್ 11ರ ದಾಳಿ ಸರ್ಕಾರವೇ ಮಾಡಿಸಿದ್ದು ಎಂಬಂಥ ಇನ್ನೊಂದು ಕಡೆಯ ಭ್ರಮೆಯನ್ನು ಆ ಬಲೆ ಹಿಡಿಯುತ್ತಲೇ ಇರಲಿಲ್ಲ.

ಹೆಚ್ಚು ಜಗಳವಾಗುವ ಜಾಗ ಸತ್ತವರ ಸಂಖ್ಯೆ. 2006ರ ಮಧ್ಯಭಾಗದವರೆಗಿನ ಲೆಕ್ಕ ಮೂರು ಬಗೆಯಾಗಿ ಸಿಗುತ್ತದೆ. ಇರಾಕ್ ಬಾಡಿ ಕೌಂಟ್‌ನದು ಸುಮಾರು 50 ಸಾವಿರ: ಮುಖ್ಯವಾಗಿ ಸುದ್ದಿಯಲ್ಲಿ ದಾಖಲಾದ ನಾಗರಿಕ ಸಾವುಗಳು ಮಾತ್ರ, ಆದ್ದರಿಂದ ಇದು ಕನಿಷ್ಠ ಮಿತಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇರಾಕ್ ಸರ್ಕಾರ 9,345 ಮನೆಗಳಲ್ಲಿ ನಡೆಸಿದ ಸಮೀಕ್ಷೆಯ ಅಂದಾಜು 1,51,000 ಹಿಂಸಾತ್ಮಕ ಸಾವು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ 1,849 ಮನೆಗಳನ್ನು 47 ಗೊಂಚಲುಗಳಲ್ಲಿ (ಅಕ್ಕಪಕ್ಕದ ಮನೆಗಳ ಗುಂಪುಗಳಲ್ಲಿ) ಕೇಳಿ, 6,54,965 'ಹೆಚ್ಚುವರಿ' ಸಾವು (ಯುದ್ಧವಿಲ್ಲದಿದ್ದರೆ ಆಗುತ್ತಿರಲಿಲ್ಲ ಎನ್ನುವ ಎಲ್ಲ ಬಗೆಯ ಸಾವು) ಎಂದಿತು. ಗೊಂಚಲು ಕಡಿಮೆಯಾದಷ್ಟೂ ಒಂದೆರಡು ರಕ್ತಸಿಕ್ತ ಬೀದಿಗಳು ಇಡೀ ದೇಶದ ಅಂದಾಜನ್ನು ಎಳೆದಾಡುತ್ತವೆ. ಒಂದು ಗುಂಪು ಮೊದಲನೆಯದನ್ನು, ಇನ್ನೊಂದು ಮೂರನೆಯದನ್ನು ಹಿಡಿದುಕೊಂಡಿರುತ್ತದೆ. ಅವು ಅಳೆದದ್ದೇ ಬೇರೆ ಬೇರೆ. ಸಂಖ್ಯೆ ಬರೆಯುವಾಗ ಅವಧಿ, ವಿಧಾನ, 'ಹಿಂಸೆಯಿಂದ' ಎಂದೋ 'ಹೆಚ್ಚುವರಿ' ಎಂದೋ, ಈ ಮೂರನ್ನೂ ಪಕ್ಕದಲ್ಲೇ ಬರೆಯಿರಿ. ಇವಿಲ್ಲದ ಸಂಖ್ಯೆಯನ್ನು ಹಾಳೆಗೆ ಸೇರಿಸಲೇಬೇಡಿ.

ಸೇನೆ ವಿಸರ್ಜನೆಯ ಸಾಲು ಚಿಕ್ಕದು, ಆದರೆ ಭಾರವಾದದ್ದು. ಇರಾಕಿಗೆ ಅಮೆರಿಕ ನೇಮಿಸಿದ್ದ ಆಡಳಿತಗಾರ ಬ್ರೆಮರ್ ಅವರ ಎರಡನೇ ಆದೇಶ ಲಕ್ಷಾಂತರ ಶಸ್ತ್ರ ಬಲ್ಲ ಗಂಡಸರನ್ನು ಸಂಬಳವಿಲ್ಲದೆ ಮನೆಗೆ ಕಳಿಸಿತು. ಸೇನೆ ಆಗಲೇ ಚದುರಿಹೋಗಿತ್ತು ಎಂಬುದು ಬ್ರೆಮರ್ ಸಮರ್ಥನೆ. ಚದುರಿದ್ದು ನಿಜ. ಆದರೆ ಮಾರ್ಚ್‌ನಲ್ಲಿ ಅಧ್ಯಕ್ಷರ ಮುಂದೆ ಇಟ್ಟಿದ್ದ ಯೋಜನೆ ಸೇನೆಯ ಬಹುಭಾಗವನ್ನು ಉಳಿಸಿ ಬಳಸಿಕೊಳ್ಳುವುದಾಗಿತ್ತು. ಎರಡು ತಿಂಗಳಲ್ಲಿ ಅದು ತಲೆಕೆಳಗಾದದ್ದಕ್ಕೆ ತಕ್ಕ ಚರ್ಚೆಯೇ ಮೂರನೇ ಅಂಕಣದಲ್ಲಿ ಕಾಣುವುದಿಲ್ಲ.

2007ರ ಜನವರಿ 10ರ ನಿರ್ಧಾರ ಇದಕ್ಕೆ ವಿರುದ್ಧ ಉದಾಹರಣೆ. ಸುತ್ತಲಿನವರು ವಾಪಸಾತಿಯ ಮಾತಾಡುತ್ತಿದ್ದಾಗ, ಎರಡೂ ಪಕ್ಷಗಳವರಿದ್ದ ಬೇಕರ್–ಹ್ಯಾಮಿಲ್ಟನ್ ಸಮಿತಿ ಒಂದು ತಿಂಗಳ ಹಿಂದಷ್ಟೇ ಯುದ್ಧ ದಳಗಳನ್ನು ಹಿಂತೆಗೆಯಲು ಹೇಳಿದ್ದಾಗ, ಬುಷ್ 20 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದರು. ಇರಾಕಿನಲ್ಲಿ ಸತ್ತ ಅಮೆರಿಕದ ಸೈನಿಕರ ಸಂಖ್ಯೆ 2007ರಲ್ಲಿ 900 ದಾಟಿದ್ದು 2008ರಲ್ಲಿ 300ರ ಆಸುಪಾಸಿಗೆ ಇಳಿಯಿತು. ಪೂರ್ತಿ ಶ್ರೇಯ ಅವರಿಗೇ? ಪಶ್ಚಿಮ ಇರಾಕಿನ ಅನ್ಬಾರ್‌ನ ಸುನ್ನಿ ಬುಡಕಟ್ಟುಗಳು ಅಲ್ ಖೈದಾ ವಿರುದ್ಧ ತಿರುಗಿದ್ದು 2006ರ ಸೆಪ್ಟೆಂಬರಿನಲ್ಲಿ, ಹೆಚ್ಚುವರಿ ಪಡೆ ಬರುವ ಮೊದಲೇ. 2007ರ ಆಗಸ್ಟ್‌ನಲ್ಲಿ ಶಿಯಾ ಸಶಸ್ತ್ರ ಪಡೆಯ ನಾಯಕ ಮುಖ್ತದಾ ಸದ್ರ್ ಕದನವಿರಾಮ ಘೋಷಿಸಿದರು. ಬಾಗ್ದಾದಿನ ಎಷ್ಟೋ ಬಡಾವಣೆಗಳಲ್ಲಿ ಶಿಯಾ, ಸುನ್ನಿ ಜನ ಅಷ್ಟರಲ್ಲಾಗಲೇ ಬೇರ್ಪಟ್ಟಿದ್ದರು. ನಿರ್ಧಾರಕ್ಕೆ ಒಳ್ಳೆಯ ಅಂಕ ಕೊಡುತ್ತೇನೆ, ಫಲಿತಾಂಶದ ಶ್ರೇಯವನ್ನು ಹಂಚುತ್ತೇನೆ.

'ಇತಿಹಾಸ ಅವರನ್ನು ಎತ್ತಿ ಹಿಡಿಯುತ್ತದೆ, ಟ್ರೂಮನ್ ನೋಡಿ' ಎಂಬ ವಾದ ಬಂದೇ ಬರುತ್ತದೆ. ಕೊರಿಯಾ ಯುದ್ಧದ ನಡುವೆ, 1952ರ ಫೆಬ್ರವರಿಯಲ್ಲಿ, ಗ್ಯಾಲಪ್ ಜನಮತ ಸಮೀಕ್ಷೆಯಲ್ಲಿ ಆಗಿನ ಅಧ್ಯಕ್ಷ ಟ್ರೂಮನ್‌ಗೆ ಸಿಕ್ಕಿದ್ದು 22% ಬೆಂಬಲ. ಸಿ-ಸ್ಪ್ಯಾನ್‌ನ ಇತಿಹಾಸಕಾರರ ಸಮೀಕ್ಷೆಗಳಲ್ಲಿ 2000ರಿಂದ 2021ರವರೆಗೆ ಅವರು 5–6ನೇ ಸ್ಥಾನದಲ್ಲಿದ್ದರು. ಬುಷ್ ಕೂಡ 2009ರಲ್ಲಿ 36, 2017ರಲ್ಲಿ 33, 2021ರಲ್ಲಿ 29. ಜನಾಭಿಪ್ರಾಯ ಇನ್ನೂ ಜೋರಾಗಿ ಹೊರಳಿತು: ಸಿಎನ್‌ಎನ್ ಸಮೀಕ್ಷೆಯಲ್ಲಿ ಅಧಿಕಾರ ಬಿಟ್ಟಾಗ 33% ಮೆಚ್ಚುಗೆ, 2018ರ ಜನವರಿಯಲ್ಲಿ 61%. ಇಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆ ನಡುವೆ ಹೊಸ ಕಾಗದ ಸಿಕ್ಕಿತೋ, ಹೊಸ ಎದುರಾಳಿ ಸಿಕ್ಕಿದನೋ? ಟ್ರೂಮನ್ ಏರಿದ್ದಕ್ಕೆ ನ್ಯಾಟೋ, ಮಾರ್ಷಲ್ ಯೋಜನೆ ಉಳಿದು ಫಲ ಕೊಟ್ಟದ್ದು ಮುಖ್ಯ ಕಾರಣ. ಬುಷ್ ವಿಷಯದಲ್ಲಿ ಹೊರಬಂದ ದೊಡ್ಡ ಕಾಗದಗಳು, ಅಂದರೆ ಸಿಐಎ ಚಿತ್ರಹಿಂಸೆ ಕುರಿತ 2014ರ ಸೆನೆಟ್ ವರದಿ ಮತ್ತು ಇರಾಕ್ ಯುದ್ಧದ ತನಿಖೆ ಮಾಡಿದ 2016ರ ಬ್ರಿಟನ್ನಿನ ಚಿಲ್ಕಾಟ್ ವರದಿ, ಅವರ ಹೆಸರನ್ನು ಕೆಡಿಸುವಂಥವೇ. ಆದರೂ ಮೆಚ್ಚುಗೆ ಏರಿತು, ಡೆಮಾಕ್ರಾಟರ ನಡುವೆಯೂ. ಅವರು ಬುಷ್‌ರನ್ನು ಅಳೆಯುತ್ತಿರಲಿಲ್ಲ, ಟ್ರಂಪ್ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತಿದ್ದರು.

ನಮ್ಮವರ ಕನ್ನಡಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2003ರ ಏಪ್ರಿಲ್‌ನಲ್ಲಿ ಭಾರತದ ಸಂಸತ್ತು ಈ ಯುದ್ಧವನ್ನು ಖಂಡಿಸಿತ್ತು, ಜುಲೈನಲ್ಲಿ ವಾಜಪೇಯಿ ಸರ್ಕಾರ ಇರಾಕಿಗೆ ಸೈನ್ಯ ಕಳಿಸಲು ಒಪ್ಪಲಿಲ್ಲ. 2005ರ ಜುಲೈ 18ರ ಅಣು ಒಪ್ಪಂದದ ಘೋಷಣೆಯ ನಂತರ ಆ ನೆನಪು ಮಸುಕಾಯಿತು. ಒಪ್ಪಂದದಿಂದ ನಮಗೆ ಲಾಭವಾಗಿದ್ದರೆ ಅದು ಹಾಳೆಯಲ್ಲಿ ಪ್ರತ್ಯೇಕ ಸಾಲು. ಬಾಗ್ದಾದಿನ ಸಾಲಿನಿಂದ ಕಳೆಯಲು ಬರುವುದಿಲ್ಲ. ಏಡ್ಸ್ ವಿರುದ್ಧದ ಪೆಪ್ಫಾರ್ ಯೋಜನೆಯದೂ ಹಾಗೇ: ಐದು ವರ್ಷಕ್ಕೆ 1,500 ಕೋಟಿ ಡಾಲರ್, ಆಫ್ರಿಕಾದಲ್ಲಿ ಲಕ್ಷ ಲಕ್ಷ ಜೀವ ಉಳಿಸಿದ ಕೆಲಸ. ಅದನ್ನು ಘೋಷಿಸಿದ್ದು 2003ರ ಜನವರಿ 28ರ ಭಾಷಣದಲ್ಲಿ. ಸದ್ದಾಂ ಆಫ್ರಿಕಾದಲ್ಲಿ ಯುರೇನಿಯಂ ಹುಡುಕುತ್ತಿದ್ದಾನೆ ಎಂಬ ಕುಖ್ಯಾತ ವಾಕ್ಯ ಇದ್ದದ್ದೂ ಅದೇ ಭಾಷಣದಲ್ಲೇ.

ಓದುವುದಾದರೆ 2008ರ ಸೆನೆಟ್ ವರದಿಯಿಂದ ಶುರುಮಾಡಿ, ಬಹುಮತದ ಭಾಗದ ಜೊತೆ ಅಲ್ಪಮತದವರ ಟಿಪ್ಪಣಿಯನ್ನೂ ಓದಿ. ಆಮೇಲೆ ಚಿಲ್ಕಾಟ್ ವರದಿಯ ಸಾರಾಂಶ, ನಂತರ ಅಮೆರಿಕದ ಸೇನೆಯೇ 2019ರಲ್ಲಿ ಹೊರತಂದ ಎರಡು ಸಂಪುಟದ ಅಧ್ಯಯನ. ಡಲ್ಲಾಸ್‌ನ ಬುಷ್ ಗ್ರಂಥಾಲಯದ ಕಡತಗಳಿಗೆ 2014ರಿಂದ ಅರ್ಜಿ ಹಾಕಬಹುದು, ರಹಸ್ಯ ಕಡತಗಳು ಮಾತ್ರ ನಿಧಾನ. ವಿದೇಶಾಂಗ ಇಲಾಖೆ 30 ವರ್ಷದೊಳಗೆ ತನ್ನ ದಾಖಲೆಗಳ ಸಂಪುಟ ಪ್ರಕಟಿಸಬೇಕು ಎಂಬ ಕಾನೂನಿದೆ. ಆ ಲೆಕ್ಕದಲ್ಲಿ 2003ರ ಸಂಪುಟ 2033ರೊಳಗೆ ಬರಬೇಕು, ಆದರೆ ಆ ಸರಣಿ ತಡವಾಗುವುದೇ ರೂಢಿ. ಅಲ್ಲಿಯವರೆಗೆ ಮೂರನೇ ಅಂಕಣವನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.