ಲಂಡನ್ನಿನ ಹಳೆಯ ಸಾಲುಮನೆಗಳು ಅಷ್ಟು ಕಿರಿದಾಗಿ, ಎತ್ತರವಾಗಿ ಇರುವುದೇಕೆ?

ಜಾಗದ ಲೆಕ್ಕಾಚಾರವೇ ಮುಖ್ಯ ಕಾರಣ. ರಸ್ತೆಗೆ ಮುಖ ಮಾಡಿದ ಅಗಲ ದುಬಾರಿ. ಹಾಗಾಗಿ ಮನೆ ಹಿಂದಕ್ಕೂ ಮೇಲಕ್ಕೂ ಬೆಳೆಯಿತು. ಅಕ್ಕಪಕ್ಕದವರಿಗೆ ಗೋಡೆ ಒಂದೇ. ನೆಲಮಾಳಿಗೆಯಲ್ಲಿ ಅಡುಗೆಮನೆ, ಮೊದಲ ಮಹಡಿಯಲ್ಲಿ ದಿವಾನಖಾನೆ, ಸೂರಿನಡಿ ಆಳುಗಳ ಕೋಣೆ. ಬಿಸಿನೀರು ಹೊತ್ತು ಮೆಟ್ಟಿಲೇರುವವರ ಮೊಣಕಾಲಿನ ಬಗ್ಗೆ ಕಟ್ಟಿಸಿದವರು ಯೋಚಿಸಿದಂತಿಲ್ಲ.

ಮುಖಭಾಗವನ್ನು ತಿದ್ದಿದ್ದು ಬೆಂಕಿಯ ಭಯ. 1666ರ ಮಹಾ ಅಗ್ನಿಕಾಂಡದ ನಂತರ ಹೊರಗೋಡೆಗೆ ಇಟ್ಟಿಗೆ ಅಥವಾ ಕಲ್ಲು ಕಡ್ಡಾಯವಾಯಿತು. 1709ರ ಕಾಯಿದೆ ಕಿಟಕಿಯ ಮರದ ಚೌಕಟ್ಟನ್ನು ಗೋಡೆಯ ಮುಖದಿಂದ 4 ಇಂಚು ಒಳಗೆ ಸರಿಸಿತು. 1774ರ ಕಾಯಿದೆ ಅದನ್ನು ಇಟ್ಟಿಗೆಯ ಹಿಂದೆಯೇ ಅಡಗಿಸಿತು. ಕಿಟಕಿ ನೋಡಿಯೇ ಮನೆಯ ವಯಸ್ಸನ್ನು ಸುಮಾರಾಗಿ ಅಂದಾಜಿಸಬಹುದು. ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳಿಗೆಲ್ಲ 1696ರ ಕಿಟಕಿ ತೆರಿಗೆಯೇ, ಅಂದರೆ ಕಿಟಕಿಗಳ ಸಂಖ್ಯೆ ನೋಡಿ ಹಾಕುತ್ತಿದ್ದ ತೆರಿಗೆಯೇ, ಕಾರಣ ಎನ್ನುವುದು ಅರ್ಧಸತ್ಯ. ಎಷ್ಟೋ ಕಡೆ ಸಾಲಿನ ಅಂದ ಕೆಡದಿರಲೆಂದು ಮೊದಲಿನಿಂದಲೇ ಹುಸಿ ಕಿಟಕಿಗಳನ್ನು ಕಟ್ಟಿದ್ದರು.